ಹಾಜರಿ ಪುಸ್ತಕದ ಇಬ್ಬರು ಮಂಜುನಾಥರು

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನನ್ನ ಕಂಪ್ಯೂಟರ್ ಕೆಲಸದ ಬಗ್ಗೆ ನಾಲ್ಕು ಮಾತಾಡು ಎಂದಿದ್ದಾರೆ. ಮಕ್ಕಳಿಗೆ ಗೊತ್ತಿರುವ ಮೈನ್‌ಕ್ರಾಫ್ಟ್ ಆಟವನ್ನೇ ತೆಗೆದುಕೊಳ್ಳುತ್ತೇನೆ. ಸ್ವೀಡನ್ನಿನ ಮೊಜಾಂಗ್ ಸಂಸ್ಥೆಯ ಈ ಆಟ ಪೂರ್ಣರೂಪದಲ್ಲಿ ಬಂದದ್ದು 2011ರಲ್ಲಿ. ಅದರ ಮೂಲ ಆವೃತ್ತಿ ಜಾವಾ ಭಾಷೆಯಲ್ಲಿದೆ. ಆಡುವವರೇ ಅದಕ್ಕೆ ಹೊಸ ಪ್ರಾಣಿ, ಹೊಸ ಯಂತ್ರ ಸೇರಿಸಿ ಹಂಚುತ್ತಾರೆ. ಇದಕ್ಕೆ ಮಾಡ್ ಎಂದು ಹೆಸರು. ಹತ್ತಾರು ಮಾಡ್‌ಗಳನ್ನು ಆಟದೊಳಗೆ ಕೂರಿಸುವ ಮೇಸ್ತ್ರಿಯೇ ಮಾಡ್ ಲೋಡರ್. ಫೋರ್ಜ್, ಫ್ಯಾಬ್ರಿಕ್ ಇವುಗಳಲ್ಲಿ ಹೆಸರುವಾಸಿ.

ಮಾಡ್ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಲೈಬ್ರರಿಗಳನ್ನು ತಮ್ಮ ಗಂಟಿನಲ್ಲೇ ಕಟ್ಟಿಕೊಂಡು ಬರುತ್ತಾರೆ. ಆಡುವವರಿಗೂ ಇದೇ ಸಲೀಸು. ಆದರೆ ಇಬ್ಬರು ಒಂದೇ ಲೈಬ್ರರಿಯನ್ನು, ಒಬ್ಬರು ಹಳೆಯದು ಒಬ್ಬರು ಹೊಸದು, ತಂದಾಗ ತೊಡಕು ಶುರು.

ನಮ್ಮ ಹಾಜರಿ ಪುಸ್ತಕ ನೆನಪಿಸಿಕೊಳ್ಳಿ. ತರಗತಿಯಲ್ಲಿ ಇಬ್ಬರು ಮಂಜುನಾಥರು. ಮೇಷ್ಟ್ರು ಬರೀ "ಮಂಜುನಾಥ" ಎಂದರೆ ಮುಂದಿನ ಬೆಂಚಿನವನು "ಹಾಜರ್ ಸಾರ್" ಎಂದುಬಿಡುತ್ತಾನೆ. ಹಿಂದಿನವನು ಇದ್ದೂ ಇಲ್ಲದಂತೆ. ಜಾವಾದ ಒಂದು ಕ್ಲಾಸ್ ಲೋಡರ್‌ಗೂ ಒಂದು ಹೆಸರಿಗೆ ಒಬ್ಬನೇ. ಮೊದಲು ಸಿಕ್ಕವನೇ ಗಟ್ಟಿ. ಆಟ ಶುರುವಾಗುವಾಗ ಎಷ್ಟೋ ಸಲ ಏನೂ ತಿಳಿಯುವುದಿಲ್ಲ. ಅರ್ಧ ಗಂಟೆ ಆಡಿದ ಮೇಲೆ, ಹಳೆಯದರಲ್ಲಿ ಇಲ್ಲದ ಕೆಲಸವೊಂದನ್ನು ಕೇಳಿದ ಕ್ಷಣ ಆಟ ಬಿದ್ದುಹೋಗುತ್ತದೆ. ಬೈಗುಳ ಮಾತ್ರ ಕೇಳಿದ ಮಾಡ್‌ಗೆ!

ಮೇಷ್ಟ್ರು ಮಾಡಿದಂತೆ ಇನಿಷಿಯಲ್ ಸೇರಿಸುವುದು ಒಂದು ದಾರಿ. ಲೈಬ್ರರಿಯ ಹೆಸರಿಗೆ ಮಾಡ್‌ನ ಹೆಸರು ಅಂಟಿಸಿದರೆ ಜಗಳವಿಲ್ಲ. ಆದರೆ ಹತ್ತು ಮಾಡ್‌ಗಳಿದ್ದರೆ ಹತ್ತು ಪ್ರತಿ, ಅದೂ ವೇಷ ಮರೆಸಿಕೊಂಡು. ಫ್ಯಾಬ್ರಿಕ್‌ನವರ ದಾರಿ ಬೇರೆ. ಲೈಬ್ರರಿಯನ್ನು ಬಿಚ್ಚದೆ, ಹೆಸರು ಮತ್ತು ಆವೃತ್ತಿ ಬರೆದು, ಗಂಟಿನೊಳಗೆ ಗಂಟಾಗಿ ಇಡುತ್ತಾರೆ. ಲೋಡರ್ ಎಲ್ಲವನ್ನೂ ಓದಿ, ಎಲ್ಲರ ಷರತ್ತಿಗೂ ಒಗ್ಗುವ ಹೊಸ ಪ್ರತಿಯೊಂದನ್ನೇ ಕೂರಿಸುತ್ತದೆ. ಫೋರ್ಜ್‌ನಲ್ಲೂ ಮುಂದೆ ಇಂಥದೇ ವ್ಯವಸ್ಥೆ ಬಂತು.

ನನಗೆ ಎರಡನೆಯದೇ ಸರಿ ಎನಿಸುತ್ತದೆ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯ ದೊಡ್ಡ ದೋಷ ಬಯಲಾಯಿತು. ಮೈನ್‌ಕ್ರಾಫ್ಟ್ ಕೂಡ ಅದನ್ನೇ ಬಳಸುತ್ತಿತ್ತು. ಆಟದ ಹರಟೆಯಲ್ಲಿ ದುರುದ್ದೇಶದ ಒಂದು ಸಾಲು ಬರೆದರೆ ಸಾಕು, ಆಟ ನಡೆಸುವ ಕಂಪ್ಯೂಟರನ್ನೇ ವಶಪಡಿಸಿಕೊಳ್ಳಬಹುದಿತ್ತು. ಮೊಜಾಂಗ್ 1.18.1 ಆವೃತ್ತಿಯಲ್ಲಿ ಅದನ್ನು ಮುಚ್ಚಿತು. ಜಗತ್ತಿನಾದ್ಯಂತ ಎಂಜಿನಿಯರುಗಳು ಗಂಟಿನೊಳಗಿನ ಗಂಟು ಬಿಚ್ಚಿ ಈ ಲೈಬ್ರರಿಯನ್ನು ಹುಡುಕಬೇಕಾಯಿತು. ಹೆಸರು ಬದಲಾಗಿದ್ದ ಕಡೆ ಹೆಸರು ಹಿಡಿದು ಹುಡುಕಿದರೆ ಸಿಗುವುದೆಲ್ಲಿ?

ಎರಡನೆಯ ದಾರಿಯಲ್ಲೂ ಎಡವಬಹುದು, ಹೊಸ ಪ್ರತಿ ಹಳೆಯ ಮಾಡ್‌ಗೆ ಒಗ್ಗದೇ ಹೋಗಬಹುದು. ಅದಕ್ಕೇ ಎಲ್ಲಿಂದ ಎಲ್ಲಿಯವರೆಗಿನ ಆವೃತ್ತಿ ಆದೀತು ಎಂಬುದನ್ನು ಬರೆದವರು ಸರಿಯಾಗಿ ನಮೂದಿಸಬೇಕು. ಲೈಬ್ರರಿ ಬರೆದವರ ಹೆಸರು, ಪರವಾನಗಿ ಪತ್ರವನ್ನು ಕಿತ್ತೆಸೆಯುವವರೂ ಇದ್ದಾರೆ. ಎಂಐಟಿ ಪರವಾನಗಿಯಂಥ ಉದಾರ ಪರವಾನಗಿಯೂ ಅದನ್ನು ಒಪ್ಪುವುದಿಲ್ಲ.

ಮಕ್ಕಳೇ, ಮಾಡ್‌ನ ಜಾರ್ ಕಡತ ಎಂದರೆ ಜಿಪ್ ಕಡತವೇ. ಲ್ಯಾಬಿನಲ್ಲಿ ಒಂದನ್ನು ತೆರೆದು ಮೆಟಾ-ಇನ್ಫ್ ಎಂಬ ಫೋಲ್ಡರಿನೊಳಗೆ ಇಣುಕಿ. ಅಲ್ಲಿ ಇನ್ನಷ್ಟು ಜಾರ್‌ಗಳು ಕಂಡರೆ ಅವು ಯಾರು ಬರೆದದ್ದು ಎಂದು ನಿಮ್ಮ ಮೇಷ್ಟ್ರನ್ನು ಕೇಳಿ.