ಚಿಕಿತ್ಸೆಯಿಂದ ಮಗುವಾದ ಮೇಲೆ ಸಹಜ ಗರ್ಭಧಾರಣೆ



ಬಹುಕಾಲ ಮಕ್ಕಳಿಲ್ಲದೆ ಕೊರಗಿ, ಬಂಧುಗಳ ಚುಚ್ಚುಮಾತುಗಳನ್ನು ನುಂಗಿಕೊಂಡು, ಸಾಲ ಮಾಡಿ ಚಿಕಿತ್ಸೆ ಪಡೆದು, ಕೊನೆಗೆ ಮಗುವನ್ನು ಕಂಡ ದಂಪತಿಗಳು ಈಗ ನಮ್ಮ ಹಳ್ಳಿಗಳಲ್ಲಿಯೂ ಇದ್ದಾರೆ. ಅಂಥವರಿಗೆ ಮುಖ್ಯವಾದ ಒಂದು ವಿಷಯವನ್ನು ಇಂದು ತಿಳಿಸಬಯಸುತ್ತೇನೆ.

“ಚಿಕಿತ್ಸೆಯಿಲ್ಲದೆ ನಮಗೆ ಮಕ್ಕಳಾಗುವುದಿಲ್ಲ, ಆದುದರಿಂದ ನಮಗೆ ಗರ್ಭನಿರೋಧಕದ ಅಗತ್ಯವಿಲ್ಲ” ಎಂದು ಇವರಲ್ಲಿ ಅನೇಕರು ನಂಬಿರುತ್ತಾರೆ. ಈ ನಂಬಿಕೆ ಎಲ್ಲರ ವಿಷಯದಲ್ಲಿಯೂ ನಿಜವಲ್ಲ.

ಜಗತ್ತಿನ ಮೊದಲ ಪ್ರನಾಳ ಶಿಶು 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿತು. ಅಂದಿನಿಂದ ಲಕ್ಷಾಂತರ ದಂಪತಿಗಳು ಇಂಥ ಚಿಕಿತ್ಸೆಯಿಂದ ಮಕ್ಕಳನ್ನು ಪಡೆದಿದ್ದಾರೆ. ಹೀಗೆ ತಾಯಂದಿರಾದ 5,000ಕ್ಕೂ ಹೆಚ್ಚು ಮಹಿಳೆಯರ ವಿವರಗಳುಳ್ಳ 11 ಅಧ್ಯಯನಗಳನ್ನು ಲಂಡನ್ನಿನ ಸಂಶೋಧಕರು ಒಟ್ಟುಗೂಡಿಸಿ ಪರಿಶೀಲಿಸಿ, 2023ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಐವರಲ್ಲಿ ಒಬ್ಬರಾದರೂ ಅನಂತರ ಸಹಜವಾಗಿ ಗರ್ಭ ಧರಿಸಿದ್ದರು. ಅದೂ ಬಹುಮಟ್ಟಿಗೆ ಮೂರು ವರ್ಷಗಳೊಳಗೆ.

ಇದು ಹೇಗೆ ಸಾಧ್ಯ? ಮಕ್ಕಳಾಗುವುದು ತಡವಾಯಿತೆಂದರೆ ಎಂದಿಗೂ ಆಗದೆಂದು ಅರ್ಥವಲ್ಲ. ವೀರ್ಯಾಣುಗಳು ಕಡಿಮೆಯಿದ್ದರೂ, ಅಂಡಾಣು ಕ್ರಮವಾಗಿ ಬಿಡುಗಡೆಯಾಗದಿದ್ದರೂ ಅವಕಾಶ ಕುಗ್ಗುತ್ತದೆಯೇ ಹೊರತು ಪೂರ್ತಿಯಾಗಿ ಅಳಿಯುವುದಿಲ್ಲ. ಎರಡು ಅಂಡನಾಳಗಳೂ ಮುಚ್ಚಿಹೋಗಿದ್ದರೆ, ಅಥವಾ ವೀರ್ಯಾಣುಗಳೇ ಇಲ್ಲದಿದ್ದರೆ, ಇಂಥ ನಿರೀಕ್ಷೆ ಬಹಳ ಕಡಿಮೆ. ನಿಮ್ಮ ಸ್ಥಿತಿ ಯಾವುದೆಂಬುದನ್ನು ವೈದ್ಯರಿಂದ ಕೇಳಿ ತಿಳಿಯಿರಿ.

ಹೆರಿಗೆಯ ನಂತರ ಮೊದಲ ಮುಟ್ಟು ಬರುವ ಮುನ್ನವೇ ಅಂಡಾಣು ಬಿಡುಗಡೆಯಾಗಬಹುದು. ಆದುದರಿಂದ ಮುಟ್ಟನ್ನೇ ಕಾಣದ ಬಾಣಂತಿಯೂ ಗರ್ಭ ಧರಿಸಬಹುದು. ಹಸುಗೂಸು ಮಡಿಲಲ್ಲಿರುವಾಗಲೇ ಮತ್ತೆ ಬಸಿರಾದರೆ ತಾಯಿಗೆ ರಕ್ತಹೀನತೆಯೂ, ಹುಟ್ಟುವ ಮಗುವಿಗೆ ದಿನ ತುಂಬದ ಹೆರಿಗೆಯ ಅಪಾಯವೂ ಹೆಚ್ಚು. ಸಿಸೇರಿಯನ್ ಆದವರಲ್ಲಿ ಗರ್ಭಕೋಶದ ಗಾಯ ಗಟ್ಟಿಗೊಳ್ಳಲು ಸಮಯ ಬೇಕು. ಹೆರಿಗೆಯಾಗಿ ಕನಿಷ್ಠ 24 ತಿಂಗಳು ಕಳೆದ ಮೇಲೆ ಮುಂದಿನ ಗರ್ಭ ಧರಿಸುವುದು ಕ್ಷೇಮವೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ವಯಸ್ಸು ಮೀರುತ್ತಿದೆಯೆಂಬ ಚಿಂತೆಯಿರುವವರು ಈ ಅವಧಿಯ ಬಗ್ಗೆ ವೈದ್ಯರೊಡನೆ ಸಮಾಲೋಚಿಸಬೇಕು.

ಅಂತರವಿಡಲು ನಿರೋಧ್, ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ ಮುಂತಾದ ಸಾಧನಗಳಿವೆ. ಸರ್ಕಾರಿ ಆರೋಗ್ಯ ಸೇವೆಯಲ್ಲಿ ಇವು ಉಚಿತ. ಹಾಲೂಡಿಸುವ ತಾಯಿಗೆ ಯಾವುದು ಹಿತ, ಯಾವಾಗ ಆರಂಭಿಸಬೇಕು ಎಂಬುದನ್ನು ಆರೋಗ್ಯ ಸಹಾಯಕಿಯು ತಿಳಿಸುವರು. ಈ ಹೊಣೆ ಹೆಂಡತಿಯೊಬ್ಬಳದೇ ಅಲ್ಲ; ಗಂಡನೂ ಜೊತೆಯಲ್ಲಿ ಹೋಗಿ ಕೇಳಿ ತಿಳಿಯಲಿ.

ಬಸಿರಿನ ಸಂದೇಹ ಬಂದರೆ “ನಮಗೆಲ್ಲಿಂದ ಆದೀತು” ಎಂದು ದಿನ ದೂಡಬೇಡಿ. ಆಶಾ ಕಾರ್ಯಕರ್ತೆಯ ನೆರವಿನಿಂದ ಮೂತ್ರ ಪರೀಕ್ಷೆ ಮಾಡಿಸಿರಿ. ಅಂಡನಾಳದ ದೋಷವಿದ್ದವರಲ್ಲಿ ಗರ್ಭವು ನಾಳದಲ್ಲಿಯೇ ನಿಲ್ಲುವ ಅಪಾಯ ಹೆಚ್ಚು. ಕೆಳಹೊಟ್ಟೆಯಲ್ಲಿ ತೀವ್ರ ನೋವು, ರಕ್ತಸ್ರಾವ, ತಲೆಸುತ್ತು ಕಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಧಾವಿಸಿರಿ.

ಸಹಜವಾಗಿ ಎರಡನೆಯ ಮಗುವಾದರೆ, “ಮೊದಲು ಮಾಡಿದ ಖರ್ಚೆಲ್ಲ ದಂಡ” ಎಂದು ಯಾರೂ ಹೀಯಾಳಿಸಬಾರದು. ಆಗ ಚಿಕಿತ್ಸೆ ಬೇಕಾಗಿತ್ತು, ಪಡೆದರು. ಹಾಗೆಯೇ, ಐವರಲ್ಲಿ ಒಬ್ಬರಿಗೆ ಆಗುವುದು ತಮಗೆ ಆಗಲಿಲ್ಲವೆಂದು ಉಳಿದವರು ಎದೆಗುಂದಬೇಕಾಗಿಲ್ಲ.

ಮೊದಲ ಮಗುವಿಗಾಗಿ ನೀವು ವರ್ಷಗಟ್ಟಲೆ ಕಾದಿರಿ. ಮುಂದಿನ ಮಗು ಬೇಕೇ, ಯಾವಾಗ ಬೇಕು ಎಂಬುದನ್ನು ಇಬ್ಬರೂ ಕುಳಿತು ಆಲೋಚಿಸಿ ನಿರ್ಧರಿಸಿರಿ. ತಾಯಿಯ ಆರೋಗ್ಯವೇ ಮನೆಯ ಭಾಗ್ಯ.