ಮುಂದಿನ ಚಕ್ರ ಎತ್ತುವ ಹುಡುಗನ ಮನಸ್ಸು

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬಿ.ಇ. ಓದಿದವನು, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಅಂದುಕೊಂಡಿರುತ್ತೀರಿ. ನಾನು ಬೈಕ್ ಬಗ್ಗೆ ಮಾತಾಡಲು ಬಂದಿದ್ದೇನೆ. ನಿನ್ನೆ ಸಂಜೆ ಊರಿಗೆ ಬರುವಾಗ ಬೈಪಾಸ್‌ನಲ್ಲಿ ಮೂವರು ಹುಡುಗರು ವ್ಹೀಲಿ ಮಾಡುತ್ತಿದ್ದರು. ನಾಲ್ಕೈದು ಜನ ಪಕ್ಕದಲ್ಲಿ ಮೊಬೈಲ್ ಹಿಡಿದು ನಿಂತಿದ್ದರು. ನನ್ನ ಕಣ್ಣು ಹೋದದ್ದು ಮೊಬೈಲ್ ಹಿಡಿದವರ ಮೇಲೆ. ಏಕೆಂದರೆ ನಾನೂ ಒಂದು ಕಾಲದಲ್ಲಿ ಹಾಗೆ ನಿಂತವನು.

ಬೆಂಗಳೂರಿನಲ್ಲಿ ಓದುವಾಗ ನನಗೊಬ್ಬ ಗೆಳೆಯನಿದ್ದ. ಅವನದು ಬೇರೆ ಜಿಲ್ಲೆ. ನನ್ನ ಹಾಗೆಯೇ ಕನ್ನಡ ಮಾಧ್ಯಮದಿಂದ ಬಂದವನು. ತರಗತಿಯಲ್ಲಿ ಅವನಿದ್ದಾನೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಆದರೆ ಶನಿವಾರ ರಾತ್ರಿ ಹಳೆಯ ಆರ್‌ಎಕ್ಸ್ 100 ಏರಿ ರೇಸಿಗೆ ನಿಂತರೆ ಹತ್ತು ಜನ ಅವನ ಹೆಸರು ಕೂಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ನಾನು.

ಒಂದು ರಾತ್ರಿ ಅವನು, "ಇವತ್ತು ಬೇಡ ಕಣೋ, ಬ್ರೇಕ್ ಸರಿಯಿಲ್ಲ" ಅಂದ. "ಏನ್ ಮಗಾ, ಹೆದರಿಕೊಂಡ್ಯಾ?" ಅಂದೆ. ಅಷ್ಟೇ ಸಾಕಾಯಿತು. ಅಡ್ಡರಸ್ತೆಯಿಂದ ಒಂದು ಹಾಲಿನ ವ್ಯಾನ್ ಬಂತು.

ಜೀವ ಉಳಿಯಿತು. ಕಾಲಿಗೆ ಮೂರು ಆಪರೇಷನ್ ಆದವು, ಓದು ನಿಂತಿತು, ಅವರಪ್ಪ ಜಮೀನು ಮಾರಿದರು. ಪೊಲೀಸರು ನನ್ನನ್ನು ಏನೂ ಕೇಳಲಿಲ್ಲ. ಬೈಕ್ ನನ್ನದಲ್ಲ, ಓಡಿಸಿದವನೂ ನಾನಲ್ಲ. ಆಸ್ಪತ್ರೆಯಲ್ಲಿ ಅವರಪ್ಪ, "ನೀನೂ ರಾತ್ರಿಯಿಂದ ಏನೂ ತಿಂದಿಲ್ಲ ಅಲ್ವೇನಪ್ಪಾ" ಎಂದು ಇಡ್ಲಿ ತಂದುಕೊಟ್ಟರು. ಆ ಇಡ್ಲಿ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಈ ವಿಷಯವನ್ನು ಹುಡುಕಿ ಓದಿದೆ. ಇಂಥ ಹುಡುಗರೆಲ್ಲ ಪುಂಡರು ಎನ್ನುವುದು ಸುಲಭ, ಆದರೆ ಪೂರ್ತಿ ನಿಜವಲ್ಲ. ಮನಶ್ಶಾಸ್ತ್ರಜ್ಞ ಮಾರ್ವಿನ್ ಜುಕರ್‌ಮನ್ 1960ರ ದಶಕದಲ್ಲೇ ರೋಮಾಂಚನ ಹುಡುಕುವ ಗುಣವನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಆ ಗುಣ ಕೆಲವರಲ್ಲಿ ಹುಟ್ಟಿನಿಂದಲೇ ಹೆಚ್ಚು. ಜೊತೆಗೆ, ಹದಿಹರೆಯದಲ್ಲಿ ಖುಷಿಗೆ ಸ್ಪಂದಿಸುವ ಮೆದುಳಿನ ಭಾಗ ಬೇಗ ಚುರುಕಾಗುತ್ತದೆ. ತಡೆದು ಯೋಚಿಸುವ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತೈದು ವರ್ಷದವರೆಗೂ ಬೇಕಾಗುತ್ತದೆ. ಎಕ್ಸಲರೇಟರ್ ಮೊದಲು ಬಂತು, ಬ್ರೇಕ್ ತಡವಾಗಿ ಬಂತು ಅಂದ ಹಾಗೆ.

2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಅಮೆರಿಕದ ಸಂಶೋಧಕರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಒಬ್ಬರೇ ಆಡಿದಾಗ ಹುಡುಗರಿಗೂ ದೊಡ್ಡವರಿಗೂ ಅಷ್ಟೇನೂ ವ್ಯತ್ಯಾಸವಿರಲಿಲ್ಲ. ಗೆಳೆಯರು ಪಕ್ಕದಲ್ಲಿ ನಿಂತಾಗ ಹದಿಹರೆಯದವರು ತುಂಬಾ ಹೆಚ್ಚು ಅಪಾಯಕ್ಕೆ ಕೈಹಾಕಿದರು; ದೊಡ್ಡವರು ಬದಲಾಗಲಿಲ್ಲ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಆ ರಾತ್ರಿ ಪಕ್ಕದಲ್ಲಿ ನಿಂತಿದ್ದವನು ನಾನೇ ಅಲ್ಲವೇ?

ಮಕ್ಕಳೇ, ಇದೇ ಶಾಲೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಚಲನಶಕ್ತಿಯ ಸೂತ್ರ ಬರೆಸಿದ್ದರು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಗಂಟೆಗೆ 36 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದು 10 ಮೀಟರಿನಲ್ಲಿ ನಿಲ್ಲುವ ಬೈಕ್, 72ರಲ್ಲಿ ನಿಲ್ಲಲು 40 ಮೀಟರ್ ಬೇಕು. ನಾವು ಸೂತ್ರ ಬರೆದು ಅಂಕ ತೆಗೆದುಕೊಂಡೆವು, ರಸ್ತೆಯಲ್ಲಿ ಮರೆತೆವು.

ತಂದೆ ತಾಯಂದಿರಿಗೂ ಒಂದು ಮಾತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ, ಹದಿನೆಂಟು ತುಂಬದ ಮಗ ಬೈಕ್ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. "ನಮ್ ಹುಡುಗ ಏಳನೇ ಕ್ಲಾಸಿಗೇ ಗಾಡಿ ಓಡಿಸ್ತಾನೆ" ಎಂದು ಹೆಮ್ಮೆಪಡಬೇಡಿ.

ವೇಗದ ಆಸೆಯೇ ಕೆಟ್ಟದ್ದಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯರಾದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕ್ ರೇಸಿನಲ್ಲಿ ಮಹಿಳೆಯರ ವಿಶ್ವಕಪ್ ಗೆದ್ದರು. ಅವರಿಗೂ ಅದೇ ಹುಚ್ಚು. ಆದರೆ ಹೆಲ್ಮೆಟ್ಟು, ತರಬೇತಿ, ನಿಯಮ ಇದ್ದವು. ಎದುರಿಗೆ ಹಾಲಿನ ವ್ಯಾನ್ ಬರುವ ರಸ್ತೆಯಲ್ಲಿ ಅವರು ಸ್ಪರ್ಧಿಸಲಿಲ್ಲ.

ಗುರುಗಳೇ, ಹಿಂದಿನ ಬೆಂಚಿನ ಹುಡುಗನನ್ನು ದಿನಕ್ಕೊಮ್ಮೆ ಹೆಸರು ಹಿಡಿದು ಕರೆಯಿರಿ. ಕ್ಲಾಸಿನಲ್ಲಿ ಹೆಸರು ಕೇಳದವನು ಅದನ್ನು ಕೇಳಲು ರಸ್ತೆಗೆ ಹೋಗುತ್ತಾನೆ. ಮಕ್ಕಳೇ, ಗೆಳೆಯ ಚಕ್ರ ಎತ್ತಿದರೆ ವಿಡಿಯೋ ಮಾಡಬೇಡಿ, ಕೂಗಬೇಡಿ, ಮನೆ ಕಡೆ ನಡೆಯಿರಿ. ನೋಡುವವರಿಲ್ಲದ ರೇಸು ಬಹಳ ಹೊತ್ತು ನಡೆಯುವುದಿಲ್ಲ.

ನನ್ನ ಗೆಳೆಯ ಈಗ ತನ್ನೂರಿನಲ್ಲಿ ಅಂಗಡಿ ಇಟ್ಟಿದ್ದಾನೆ, ಕುಂಟುತ್ತಾ ನಡೆಯುತ್ತಾನೆ. ಈ ಭಾಷಣದ ವಿಷಯ ಹೇಳಿ, "ನಿನ್ನ ಕಥೆ ಹೇಳಲೇನೋ?" ಎಂದು ಕೇಳಿದೆ. "ಹೇಳು. ಆದರೆ ನಿನ್ನದನ್ನೂ ಹೇಳು" ಅಂದ.

ಎರಡನ್ನೂ ಹೇಳಿದ್ದೇನೆ.