ನರೆಯೂ ತೆರೆಯೂ

ಮುಪ್ಪಿನ ಮಾತು ಬಂದಾಗ ಕನ್ನಡಿಗರು ಎರಡು ಪದಗಳನ್ನು ಜೋಡಿಸಿಯೇ ಹೇಳುವುದು ವಾಡಿಕೆ: ನರೆ, ತೆರೆ. ಕೂದಲು ಬೆಳ್ಳಗಾಗುವುದು ನರೆ. ಚರ್ಮವು ಸುಕ್ಕುಗಟ್ಟುವುದು ತೆರೆ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿಯೂ ವಲೀ ಪಲಿತಗಳು ಹೀಗೆಯೇ ಜೊತೆಗೂಡಿ ಬರುತ್ತವೆ. ಇವೆರಡೂ ಒಂದೇ ತಾಯಿಯ ಮಕ್ಕಳೆಂದು ಭಾವಿಸಿ, ಎರಡನ್ನೂ ಕಾಲನ ಲೆಕ್ಕಕ್ಕೆ ಬರೆದು ನಾವು ಸುಮ್ಮನಾಗುವುದುಂಟು. ಈಚಿನ ವಿಜ್ಞಾನವಾದರೋ ಈ ಜೋಡಿಯನ್ನು ಬಿಡಿಸಿ ನೋಡಿದೆ. ನರೆಯ ದಾರಿ ಬೇರೆ, ತೆರೆಯ ದಾರಿ ಬೇರೆ ಎಂದು ಅದು ಹೇಳುತ್ತದೆ. ಹೇಗೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಮೊದಲು ಚರ್ಮದ ರಚನೆಯನ್ನು ನೆನೆಯಬೇಕು. ನಮ್ಮ ಕಣ್ಣಿಗೆ ಕಾಣುವುದು ತೆಳುವಾದ ಹೊರಚರ್ಮ ಮಾತ್ರ. ಅದರ ಕೆಳಗೆ ದಪ್ಪನೆಯ ಒಳಚರ್ಮವೂ, ಅದರ ಕೆಳಗೆ ಕೊಬ್ಬಿನ ಪದರವೂ ಇರುತ್ತವೆ. ಚರ್ಮಕ್ಕೆ ಬಿಗುವನ್ನು ಕೊಡುವುದು ಒಳಚರ್ಮ. ಅಲ್ಲಿ ಕೊಲಾಜೆನ್ ಎಂಬ ಗಟ್ಟಿಯಾದ ನಾರುಗಳೂ, ಇಲಾಸ್ಟಿನ್ ಎಂಬ ಹಿಗ್ಗಿ ಕುಗ್ಗಬಲ್ಲ ನಾರುಗಳೂ ಹಾಸುಹೊಕ್ಕಾಗಿ ನೇಯ್ದಿರುತ್ತವೆ. ಮಗುವಿನ ಕೆನ್ನೆಯನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಅದು ಕೂಡಲೆ ಮೊದಲಿನಂತಾಗುವುದು ಈ ನೇಯ್ಗೆಯ ಗುಣದಿಂದ. ವಯಸ್ಸು ಏರಿದಂತೆ ಹೊಸ ನಾರು ಹುಟ್ಟುವುದು ಕಡಮೆಯಾಗುತ್ತದೆ, ಹಳೆಯದು ತುಂಡಾಗುತ್ತದೆ, ಕೆಳಗಿನ ಕೊಬ್ಬೂ ಕರಗುತ್ತದೆ. ಆಧಾರ ತಪ್ಪಿದ ಬಟ್ಟೆ ಮಡಿಕೆ ಬೀಳುವಂತೆ ಚರ್ಮವೂ ಮಡಿಕೆ ಬೀಳುತ್ತದೆ. ಇದು ಎಲ್ಲರಿಗೂ ಉಂಟು, ಇದನ್ನು ತಪ್ಪಿಸಿಕೊಂಡವರಿಲ್ಲ. ಆದರೆ ಐವತ್ತರಲ್ಲಿ ಒಬ್ಬರು ನಲವತ್ತರವರಂತೆಯೂ ಮತ್ತೊಬ್ಬರು ಅರವತ್ತರವರಂತೆಯೂ ಕಾಣುವುದೇಕೆ?

ಇದಕ್ಕೆ ಉತ್ತರ ಹುಡುಕಲು ಅವಳಿಗಳಿಗಿಂತ ಒಳ್ಳೆಯ ಸಾಧನವಿಲ್ಲ. ಅವಳಿಗಳಲ್ಲಿ ಎರಡು ಬಗೆ. ಒಂದೇ ಅಂಡದಿಂದ ಹುಟ್ಟಿದವರಿಗೆ ವಂಶಗುಣವೆಲ್ಲ ಒಂದೇ. ಎರಡು ಅಂಡಗಳಿಂದ ಹುಟ್ಟಿದವರಿಗೆ ಸಾಮಾನ್ಯ ಒಡಹುಟ್ಟಿದವರಿಗಿರುವಷ್ಟೇ ಹೋಲಿಕೆ. ಯಾವ ಲಕ್ಷಣದಲ್ಲಿ ಮೊದಲನೆಯ ಬಗೆಯವರು ಎರಡನೆಯವರಿಗಿಂತ ಬಹಳ ಹೆಚ್ಚಾಗಿ ಒಬ್ಬರನ್ನೊಬ್ಬರು ಹೋಲುತ್ತಾರೆಯೋ ಆ ಲಕ್ಷಣದಲ್ಲಿ ವಂಶದ ಕೈ ಬಲವಾಗಿದೆ ಎಂದು ತಿಳಿಯಬಹುದು. 2009ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಡೆನ್ಮಾರ್ಕಿನ 102 ಜೋಡಿ ಅವಳಿ ಸ್ತ್ರೀಯರ ಮುಖಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸಲಾಯಿತು. ಅವರೆಲ್ಲ 59ರಿಂದ 81 ವರ್ಷದವರು. ಕೂದಲು ನರೆಯುವುದು ಮುಖ್ಯವಾಗಿ ವಂಶದಿಂದ ಬಂದದ್ದೆಂದು ಕಂಡುಬಂತು. ಸುಕ್ಕಿನ ಸಂಗತಿ ಹಾಗಲ್ಲ. ಅದರಲ್ಲಿ ವಂಶದ ಪಾಲೂ ಪರಿಸರದ ಪಾಲೂ ಹೆಚ್ಚುಕಡಮೆ ಸರಿಸಮ. ಅಂದರೆ ನರೆಯು ಹಿರಿಯರು ಬಿಟ್ಟುಹೋದ ಆಸ್ತಿ. ತೆರೆಯಾದರೆ ಅರ್ಧ ಪಿತ್ರಾರ್ಜಿತ, ಅರ್ಧ ಸ್ವಯಾರ್ಜಿತ.

ಪಿತ್ರಾರ್ಜಿತವಾದ ಅರ್ಧವೇನೂ ಅಲ್ಪವಲ್ಲ. ಚರ್ಮದ ಬಣ್ಣವನ್ನು ನಿರ್ಣಯಿಸುವ ಜೀನುಗಳೇ ಇದಕ್ಕೆ ಉದಾಹರಣೆ. ನಮ್ಮ ಕಂದು ಬಣ್ಣಕ್ಕೆ ಕಾರಣವಾದ ಮೆಲನಿನ್ ಎಂಬ ವಸ್ತುವು ಬಿಸಿಲಿನ ತೀಕ್ಷ್ಣ ಕಿರಣಗಳನ್ನು ತಡೆಯುತ್ತದೆ. ಆದುದರಿಂದಲೇ ಬಿಳಿಯ ಚರ್ಮದವರಿಗಿಂತ ನಮ್ಮವರಲ್ಲಿ ಸುಕ್ಕು ತಡವಾಗಿ ಮೂಡುತ್ತದೆ. ನಮ್ಮ ಚರ್ಮವು ಬಿಸಿಲಿನ ಪೆಟ್ಟನ್ನು ಸುಕ್ಕಿಗಿಂತ ಮೊದಲು ಕಪ್ಪು ಕಲೆಗಳ ಮೂಲಕ ತೋರಿಸುತ್ತದೆ. ಬಣ್ಣಕ್ಕೆ ಸಂಬಂಧಪಟ್ಟ ಎಂ.ಸಿ.1ಆರ್. ಎಂಬ ಜೀನಿನ ಕೆಲವು ರೂಪಗಳನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದವರು ಇತರರಿಗಿಂತ ಸುಮಾರು ಎರಡು ವರ್ಷ ಹೆಚ್ಚು ವಯಸ್ಸಾದವರಂತೆ ಕಾಣುತ್ತಾರೆಂದು 2016ರಲ್ಲಿ ನೆದರ್ಲೆಂಡಿನ ವಿಜ್ಞಾನಿಗಳು ತೋರಿಸಿದರು. ಕಪ್ಪು ಬಣ್ಣವನ್ನು ಕುಂದೆಂದು ಬಗೆದು, ಅದನ್ನು ತಿಳಿಗೊಳಿಸುವ ಲೇಪಗಳಿಗೆ ಹಣ ಸುರಿಯುವ ನಮ್ಮ ಸಮಾಜವು ತನ್ನ ಕಾವಲುಗಾರನನ್ನೇ ಮನೆಯಿಂದ ಅಟ್ಟುತ್ತಿದೆ ಎಂದರೆ ತಪ್ಪಾಗಲಾರದು.

ಇನ್ನು ಸ್ವಯಾರ್ಜಿತವಾದ ಅರ್ಧ. ಇಲ್ಲಿ ಅಗ್ರಸ್ಥಾನ ಸೂರ್ಯನಿಗೆ ಸಲ್ಲುತ್ತದೆ. 1894ರಲ್ಲಿಯೇ ಹ್ಯಾಂಬರ್ಗಿನ ವೈದ್ಯನಾದ ಉನ್ನಾ ಎಂಬಾತನು ನಾವಿಕರ ಚರ್ಮವನ್ನು ಪರೀಕ್ಷಿಸಿ, ಗಾಳಿಬಿಸಿಲುಗಳಿಗೆ ತೆರೆದುಕೊಂಡ ಭಾಗದಲ್ಲಿ ಮಾತ್ರ ಆಗುವ ವಿಶೇಷವಾದ ಮಾರ್ಪಾಟನ್ನು ವರ್ಣಿಸಿದ್ದನು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಒಳಚರ್ಮದವರೆಗೂ ಇಳಿದು, ಕೊಲಾಜೆನ್ ನಾರನ್ನು ಕತ್ತರಿಸುವ ಕಿಣ್ವಗಳನ್ನು ಕೆರಳಿಸುತ್ತವೆ ಎಂಬುದು ಈಗ ತಿಳಿದಿದೆ. 2012ರಲ್ಲಿ ಅಮೆರಿಕದ ಒಂದು ವೈದ್ಯ ಪತ್ರಿಕೆಯಲ್ಲಿ ಅಚ್ಚಾದ ಚಿತ್ರವನ್ನು ನೋಡಿದವರು ಮರೆಯಲಾರರು. 69 ವರ್ಷದ ಲಾರಿ ಚಾಲಕನೊಬ್ಬನು 28 ವರ್ಷಕಾಲ ಲಾರಿಯ ಕಿಟಕಿಯ ಪಕ್ಕದಲ್ಲಿ ಕುಳಿತು ದುಡಿದಿದ್ದನು. ಆ ದೇಶದಲ್ಲಿ ಚಾಲಕನ ಪೀಠ ಎಡಗಡೆಗಿರುತ್ತದೆ. ಅವನ ಬಲಗೆನ್ನೆ ಸಾಧಾರಣವಾಗಿದೆ. ಎಡಗೆನ್ನೆ ಮಾತ್ರ ಉತ್ತ ನೆಲದಂತೆ ಸಾಲುಸಾಲಾಗಿ ಸುಕ್ಕುಗಟ್ಟಿ ಜೋತುಬಿದ್ದಿದೆ. ಎರಡು ಕೆನ್ನೆಗಳಿಗೂ ವಂಶ ಒಂದೇ, ವಯಸ್ಸು ಒಂದೇ, ಉಂಡ ಅನ್ನವೂ ಒಂದೇ. ಭೇದವಿದ್ದುದು ಬಿಸಿಲೊಂದರಲ್ಲಿ. ಕಿಟಕಿಯ ಗಾಜು ಚರ್ಮವನ್ನು ಸುಡುವ ಕಿರಣಗಳನ್ನು ಬಹುಮಟ್ಟಿಗೆ ತಡೆದರೂ ಆಳಕ್ಕೆ ಇಳಿಯುವ ಕಿರಣಗಳನ್ನು ಒಳಕ್ಕೆ ಬಿಟ್ಟುಕೊಡುತ್ತದೆ.

ಸೂರ್ಯನ ನಂತರ ಹೊಗೆಬತ್ತಿ. ಅಮೆರಿಕದ ಓಹಾಯೋ ಪ್ರಾಂತದಲ್ಲಿ ಟ್ವಿನ್ಸ್‌ಬರ್ಗ್ ಎಂಬ ಊರಿದೆ. ಅವಳಿ ಸೋದರರಿಂದಲೇ ಆ ಹೆಸರು ಪಡೆದ ಆ ಊರಿನಲ್ಲಿ 1976ರಿಂದ ಅವಳಿಗಳ ಜಾತ್ರೆ ನಡೆಯುತ್ತ ಬಂದಿದೆ. ಅಲ್ಲಿಗೆ ಬಂದವರಲ್ಲಿ 79 ಜೋಡಿಗಳ ಭಾವಚಿತ್ರಗಳನ್ನು ಹೋಲಿಸಿದ ಪರೀಕ್ಷೆಯೊಂದು 2013ರಲ್ಲಿ ಪ್ರಕಟವಾಯಿತು. ಸಿಗರೇಟು ಸೇದುವವರಲ್ಲಿ ಮೂಗಿನಿಂದ ಬಾಯಂಚಿಗೆ ಇಳಿಯುವ ಮಡಿಕೆ, ಮೇಲ್ದುಟಿಯ ಸುಕ್ಕು, ಕಣ್ಣ ಕೆಳಗಿನ ಚೀಲ, ಇವು ಸೇದದ ಒಡಹುಟ್ಟಿದವರಿಗಿಂತ ಹೆಚ್ಚಾಗಿದ್ದವು. ಹಣೆಯ ಗೆರೆಗಳಲ್ಲಿಯೂ ಕಣ್ಣಿನ ಕೊನೆಯ ಗೆರೆಗಳಲ್ಲಿಯೂ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಹೊಗೆಯ ಕೆಲಸ ಮುಖದ ಕೆಳಭಾಗದಲ್ಲಿ ಹೆಚ್ಚೆಂದು ಇದರಿಂದ ಊಹಿಸಬಹುದು.

ಹಾಗಾದರೆ ಪರಿಹಾರವೇನು? ಅಂಗಡಿಯ ಕಪಾಟುಗಳನ್ನು ನೋಡಿದರೆ ಮುಪ್ಪಿಗೆ ಮದ್ದು ದೊರೆತೇಹೋಯಿತೆಂಬ ಭ್ರಾಂತಿಯಾಗುತ್ತದೆ. ಗಟ್ಟಿಯಾದ ಪ್ರಮಾಣ ಬೇಕಾದರೆ ಆಸ್ಟ್ರೇಲಿಯದ ನಂಬೂರ್ ಎಂಬ ಊರಿಗೆ ಹೋಗಬೇಕು. ಅಲ್ಲಿ 1992ರಿಂದ 1996ರವರೆಗೆ, 55 ವರ್ಷಕ್ಕೆ ಕೆಳಗಿನ 903 ಮಂದಿಯನ್ನು ಚೀಟಿಯೆತ್ತಿದಂತೆ ವಿಂಗಡಿಸಿ ಪರೀಕ್ಷಿಸಲಾಯಿತು. ಕೆಲವರು ಬಿಸಿಲು ತಡೆಯುವ ಲೇಪವನ್ನು ದಿನವೂ ಹಚ್ಚಿಕೊಂಡರು. ಉಳಿದವರು ಮನಸ್ಸು ಬಂದಾಗ ಹಚ್ಚಿಕೊಂಡರು. ನಾಲ್ಕೂವರೆ ವರ್ಷದ ಕೊನೆಗೆ ಮೊದಲನೆಯವರ ಚರ್ಮದಲ್ಲಿ ಮುಪ್ಪಿನ ಲಕ್ಷಣ ನೂರಕ್ಕೆ 24ರಷ್ಟು ಕಡಮೆಯಿತ್ತು. ಅದೇ ಪರೀಕ್ಷೆಯಲ್ಲಿ ನುಂಗಲು ಕೊಟ್ಟ ಬೀಟಾ ಕೆರೋಟಿನ್ ಗುಳಿಗೆಯಿಂದ ಒಟ್ಟಿನಲ್ಲಿ ಪ್ರಯೋಜನ ಕಾಣಲಿಲ್ಲ. ಲೇಪವನ್ನು ಕೊಳ್ಳಲಾರದವರು ಕೊಡೆಯನ್ನೂ ರುಮಾಲನ್ನೂ ಸೆರಗನ್ನೂ ಮರೆಯಬೇಕಾಗಿಲ್ಲ. ಹಾಗೆಂದು ಬಿಸಿಲಿಗೆ ಬೆದರಿ ಕತ್ತಲೆಕೋಣೆ ಸೇರುವುದೂ ವಿವೇಕವಲ್ಲ. ಮೂಳೆಗೆ ಬೇಕಾದ ಡಿ ಜೀವಸತ್ತ್ವವನ್ನು ನಮ್ಮ ಚರ್ಮವು ತಯಾರಿಸುವುದು ಅದೇ ಬಿಸಿಲಿನಿಂದಷ್ಟೆ.

ಕೊನೆಯದಾಗಿ ಒಂದು ಮಾತು. ಸುಕ್ಕಿನ ಅರ್ಧಭಾಗ ನಮ್ಮ ಕೈಯಲ್ಲಿದೆ ಎಂದ ಕೂಡಲೆ, ಸುಕ್ಕು ಬಿದ್ದವರೆಲ್ಲ ಅಜಾಗರೂಕರೆಂದು ತೀರ್ಪುಕೊಡುವ ಆತುರ ನಮಗೆ ಬರಬಹುದು. ಬಾಳಿನ ರೀತಿಯೆಂದು ಶಾಸ್ತ್ರಜ್ಞರು ಕರೆಯುವುದನ್ನು ಎಲ್ಲರೂ ಆರಿಸಿಕೊಂಡಿರುವುದಿಲ್ಲ. ಗದ್ದೆಯಲ್ಲಿ ಬೆನ್ನುಬಾಗಿಸಿ ನಾಟಿ ಮಾಡುವ ಹೆಂಗಸಿಗೂ, ರಸ್ತೆಗೆ ಜಲ್ಲಿ ಒಡೆಯುವ ಕೂಲಿಗೂ, ಸಂತೆಯಲ್ಲಿ ಬುಟ್ಟಿಯ ಮುಂದೆ ಕುಳಿತ ಮುದುಕಿಗೂ ಬಿಸಿಲು ಜೀವನೋಪಾಯದ ಜೊತೆಗೆ ಬಂದದ್ದು. ಅವರು ನಲವತ್ತರಲ್ಲಿಯೇ ಅರವತ್ತರಂತೆ ಕಂಡರೆ ಅದು ಅವರ ಅಲಕ್ಷ್ಯದ ಗುರುತಲ್ಲ, ದುಡಿಮೆಯ ಗುರುತು. ನೆರಳಿನಲ್ಲಿ ಕುಳಿತು ಓದುಬರೆಹ ಮಾಡುವ ನಮ್ಮ ನುಣುಪಾದ ಮುಖಗಳಲ್ಲಿ ಅವರು ಹೊತ್ತ ಬಿಸಿಲಿನ ಪಾಲೂ ಇದೆ. ಸಿಗರೇಟನ್ನು ಬಿಡುವುದು, ಕೊಡೆ ಹಿಡಿಯುವುದು ನಮ್ಮಿಂದಾಗುವ ಕೆಲಸ; ಮಾಡೋಣ. ಅಂಥ ದುಡಿಮೆಗಾರರಿಗೆ ನಡುಹಗಲಿನಲ್ಲಿ ಒಂದು ಚಪ್ಪರದ ನೆರಳನ್ನು ಒದಗಿಸುವುದೂ ನಮ್ಮಿಂದಾಗುವ ಕೆಲಸವೇ.